ಕೋಳಿ ಕುಕ್ಕಿದ್ದಕ್ಕೆ ಗಾಬರಿ, ಬೆಕ್ಕು ಪರಚಿದ್ದಕ್ಕೆ ಅರಿಶಿನ

‘ಡಾಕ್ಟ್ರೇ, ಕೋಳಿ ಕುಕ್ಕಿ ರಕ್ತ ಬಂತು. ಹುಚ್ಚುನಾಯಿ ಇಂಜೆಕ್ಷನ್ ಹಾಕಿಸ್ಬೇಕಾ?’

ಬೇಡ. ರೇಬಿಸ್ ಸಸ್ತನಿಗಳ ಕಾಯಿಲೆ, ಕೋಳಿಯಿಂದ ನಮಗೆ ಬರುವುದಿಲ್ಲ. ಗಾಯವನ್ನು ಸೋಪು ಹಾಕಿ ತೊಳೆಯಿರಿ. ಟಿಟಿ ಹಾಕಿಸಿಕೊಂಡು ಬಹಳ ವರ್ಷವಾಗಿದ್ದರೆ ಅದನ್ನೊಮ್ಮೆ ಹಾಕಿಸಿ. ಕಣ್ಣಿನ ಹತ್ತಿರ ಕುಕ್ಕಿದ್ದರೆ ಮಾತ್ರ ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಿ.

ವಿಚಾರಿಸಿದರೆ ಬಹುಪಾಲು ಸಲ ಕುಕ್ಕಿದ್ದು ಕಾವಿಗೆ ಕೂತ ಹೇಂಟೆ. ಅದಕ್ಕೆ ಹುಚ್ಚು ಹಿಡಿದಿಲ್ಲ. ಗೂಡಿನಲ್ಲಿ ಚಪ್ಪಟೆಯಾಗಿ ಅಂಟಿಕೊಂಡು, ಗರಿ ಉಬ್ಬಿಸಿ, ಕೈ ಹತ್ತಿರ ಬಂದರೆ ಗುರ್ ಅನ್ನುತ್ತದೆ. ಎತ್ತಿ ನೋಡಿದರೆ ಹೊಟ್ಟೆಯ ಗರಿ ಉದುರಿ ಬೆಚ್ಚನೆಯ ಚರ್ಮ ಕಾಣುತ್ತದೆ. ದಿನಕ್ಕೊಂದೆರಡು ಸಲ ಎದ್ದು, ಗಬಗಬ ತಿಂದು, ಮೂಗು ಮುಚ್ಚಿಕೊಳ್ಳುವಂಥ ದೊಡ್ಡ ಹಿಕ್ಕೆ ಹಾಕಿ ಮತ್ತೆ ಹೋಗಿ ಕೂರುತ್ತದೆ. ಮರಿ ಬೇಕಿದ್ದರೆ 21 ದಿನ ಅದರ ಪಾಡಿಗೆ ಬಿಡಿ. ಬೇಡವಾದರೆ ತಂತಿ ತಳದ ಪಂಜರವನ್ನು ನೆಲದಿಂದ ಎತ್ತರಕ್ಕಿಟ್ಟು, ನೀರು ಮೇವು ಕೊಟ್ಟು ಮೂರ್ನಾಲ್ಕು ದಿನ ಅದರೊಳಗೆ ಬಿಡಿ. ಹೊಟ್ಟೆಗೆ ಗಾಳಿಯಾಡಿದರೆ ಕಾವು ಇಳಿಯುತ್ತದೆ. ಮೂಗಿನ ಹೊಳ್ಳೆಗೆ ಗರಿ ಚುಚ್ಚುವುದು, ನೀರಲ್ಲಿ ಅದ್ದುವುದು ಶುದ್ಧ ಹಿಂಸೆ. ಈ ಗೊಡವೆಯೇ ಬೇಡ ಎನ್ನುವವರು ಲೆಗ್‌ಹಾರ್ನ್ ತಳಿಯ ಕೋಳಿ ಸಾಕಲಿ, ಅದು ಕಾವಿಗೆ ಕೂರುವುದು ಅಪರೂಪ.

ಕೋಳಿಗಳು ತಮ್ಮತಮ್ಮಲ್ಲೇ ಕುಕ್ಕಾಡುವುದು ಮೇಲುಕೀಳಿನ ಲೆಕ್ಕಾಚಾರ, ಹೆಚ್ಚಾಗಿ ತಾನೇ ತಣ್ಣಗಾಗುತ್ತದೆ. ಆದರೆ ಒಂದರ ಮೈಮೇಲೆ ರಕ್ತ ಕಂಡರೆ ಉಳಿದವೂ ಅದೇ ಜಾಗಕ್ಕೆ ಬಾಯಿ ಹಾಕುತ್ತವೆ. ಮೊದಲು ಗಾಯಗೊಂಡದ್ದನ್ನು ಬೇರೆ ಮಾಡಿ. ಗೂಡು ಇಕ್ಕಟ್ಟೇ, ಮೇವಿನಲ್ಲಿ ಪ್ರೋಟೀನ್ ಕಡಿಮೆಯೇ ಎಂಬುದನ್ನು ಆಮೇಲೆ ನೋಡಿ.

ನನ್ನನ್ನು ಕಾಡುವುದು ಬೇರೆಯದೇ ವಿಷಯ. ಕೋಳಿ ಕುಕ್ಕಿದರೆ ಫೋನ್ ಮಾಡುವ ಮನೆಯಲ್ಲೇ ಬೆಕ್ಕು ಪರಚಿದ ಮಗುವಿಗೆ ಅರಿಶಿನ ಹಚ್ಚಿ ಸುಮ್ಮನಿರುತ್ತಾರೆ. ನಾಯಿ, ಬೆಕ್ಕು, ಮಂಗ, ಮುಂಗುಸಿ ಇವುಗಳಲ್ಲಿ ಯಾವುದು ಕಚ್ಚಿದರೂ ಪರಚಿದರೂ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಸುಣ್ಣ, ಖಾರದಪುಡಿ ಬೇಡ. ಅವತ್ತೇ ಲಸಿಕೆ ಶುರುವಾಗಬೇಕು. ಚರ್ಮದೊಳಗೆ ಕೊಡುವ ಕ್ರಮವಾದರೆ 0 (ಮೊದಲ ಡೋಸ್ ಹಾಕಿಸಿದ ದಿನ), 3, 7 ಮತ್ತು 28ನೇ ದಿನ. ರಕ್ತ ಬಂದಿದ್ದರೆ ಗಾಯದ ಸುತ್ತ ರೇಬಿಸ್ ಸೀರಮ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ. ನಾಯಿಯನ್ನು ಹತ್ತು ದಿನ ನೋಡೋಣ ಎನ್ನುವುದು ಸರಿಯೇ, ಆದರೆ ಮೊದಲ ಡೋಸ್ ಹಾಕಿಸಿಕೊಂಡು ನೋಡಬೇಕು. ಮನೆಯ ಇಲಿ ಕಚ್ಚಿದ್ದಕ್ಕೆ ಸಾಮಾನ್ಯವಾಗಿ ರೇಬಿಸ್ ಲಸಿಕೆ ಬೇಕಾಗುವುದಿಲ್ಲ.

ಕೊಟ್ಟಿಗೆಯ ಕಥೆ ಇನ್ನೂ ಅಪಾಯದ್ದು. ಹುಚ್ಚುನಾಯಿ ಕಚ್ಚಿದ ಹಸು ವಾರಗಟ್ಟಲೆ ಚೆನ್ನಾಗಿಯೇ ಇದ್ದು, ಆಮೇಲೆ ಮೇವು ಬಿಟ್ಟು, ಜೊಲ್ಲು ಸುರಿಸಿ, ಗೊಗ್ಗರು ದನಿಯಲ್ಲಿ ಕೂಗತೊಡಗುತ್ತದೆ. ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಮನೆಯವರು ಬಾಯೊಳಗೆ ಕೈ ಹಾಕುತ್ತಾರೆ. ಪಶುವೈದ್ಯರಾದ ನಾವು ಹೋದಾಗ ಅವರು ಕೇಳುವುದು, ‘ಇದರ ಹಾಲು ಕುಡಿದಿದ್ದೇವಲ್ಲ, ಏನಾಗುತ್ತೆ?’ ಕಾಯಿಸಿದ ಹಾಲಿನಿಂದ ಏನೂ ಆಗುವುದಿಲ್ಲ. ಬಾಯೊಳಗೆ ಕೈ ಹಾಕಿದವರು ಯಾರ್ಯಾರು, ಅವರು ಮಾತ್ರ ಈಗಲೇ ಆಸ್ಪತ್ರೆಗೆ ಹೊರಡಿ.