ಟಿಕೆಟ್ ಇದ್ದವರ ವಿಜ್ಞಾನ

1812. ಲಂಡನ್ನಿನಲ್ಲಿ ಪುಸ್ತಕ ಬೈಂಡಿಂಗ್ ಕಲಿಯುತ್ತಿದ್ದ ಹುಡುಗನಿಗೆ ಅಂಗಡಿಯ ಗಿರಾಕಿಯೊಬ್ಬರು ಟಿಕೆಟ್ ಕೊಟ್ಟರು. ನಾಟಕದ್ದಲ್ಲ, ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಕೊಡುತ್ತಿದ್ದ ವಿಜ್ಞಾನ ಉಪನ್ಯಾಸಗಳದ್ದು. ಹುಡುಗ ಗ್ಯಾಲರಿಯಲ್ಲಿ, ಗಡಿಯಾರದ ಮೇಲ್ಗಡೆ ಜಾಗ ಹಿಡಿದು ಕೂತ. ಕೇಳಿದ್ದನ್ನೆಲ್ಲ ಬರೆದುಕೊಂಡ, ಚಿತ್ರ ಬಿಡಿಸಿದ. 300ಕ್ಕೂ ಜಾಸ್ತಿ ಪುಟ ಆಯಿತು. ತಾನೇ ಬೈಂಡ್ ಮಾಡಿ ಡೇವಿಗೆ ಕಳಿಸಿದ. ಮರುವರ್ಷ ಅಲ್ಲೇ ಸಹಾಯಕನ ಕೆಲಸ ಸಿಕ್ಕಿತು. ಹುಡುಗನ ಹೆಸರು ಮೈಕೆಲ್ ಫ್ಯಾರಡೆ. ಆ ಗಿರಾಕಿ ಬೇರೆ ಅಂಗಡಿಗೆ ಹೋಗಿದ್ದರೆ?

ವಿಜ್ಞಾನಕ್ಕೆ ಹೀಗೆ ಟಿಕೆಟ್ ಕೇಳುವ ಇನ್ನೊಂದು ಬಾಗಿಲು, ವಿಜ್ಞಾನಿಗಳು ತಮ್ಮ ಕೆಲಸ ಪ್ರಕಟಿಸುವ ಸಂಶೋಧನಾ ಪತ್ರಿಕೆಗಳು. ಅವು ಇದಕ್ಕಿಂತ ಹಳೆಯವು. ಬ್ರಿಟನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ 1665ರಲ್ಲೇ ಒಂದನ್ನು ಶುರು ಮಾಡಿದ್ದರು. ಎರಡನೇ ಮಹಾಯುದ್ಧದ ನಂತರ ಇದು ದೊಡ್ಡ ವ್ಯಾಪಾರವಾಯಿತು. ವಿಚಿತ್ರ ವ್ಯಾಪಾರ ಅನ್ನಿ. ಲೇಖನ ಬರೆದ ವಿಜ್ಞಾನಿಗೆ ಪತ್ರಿಕೆ ಸಂಭಾವನೆ ಕೊಡುವುದಿಲ್ಲ. ಅದರ ತಪ್ಪು ಹುಡುಕಿಕೊಡುವವರಿಗೂ ಸಾಮಾನ್ಯವಾಗಿ ಇಲ್ಲ. ಓದುವವರು ಮಾತ್ರ ದುಡ್ಡು ಕಟ್ಟಬೇಕು.

1991ರಲ್ಲಿ ಭೌತವಿಜ್ಞಾನಿ ಪಾಲ್ ಗಿನ್ಸ್‌ಪಾರ್ಗ್ 'ಆರ್ಕೈವ್' ಎಂಬ ಸಂಶೋಧನಾ ಲೇಖನಗಳ ಆನ್‌ಲೈನ್ ಸಂಗ್ರಹ ಕಟ್ಟಿದರು. ಯಾರು ಬೇಕಾದರೂ ಅಲ್ಲಿ ಪುಕ್ಕಟೆ ಓದಬಹುದು. 2002ರ ಬುಡಾಪೆಸ್ಟ್ ಘೋಷಣೆ ಇದೇ ಎಲ್ಲ ಕಡೆ ಆಗಲಿ ಎಂದಿತು. ಆದರೆ ಖರ್ಚು ಯಾರಾದರೂ ಹೊರಬೇಕಲ್ವಾ? ಎಷ್ಟೋ ಪತ್ರಿಕೆಗಳು ಬರೆಯುವವರ ಕಡೆ ಕೈ ಚಾಚಿದವು. 'ನೇಚರ್' 2021ರಲ್ಲಿ ಹೀಗೆ ಒಂದು ಲೇಖನಕ್ಕೆ ಇಟ್ಟ ಬೆಲೆ 9,500 ಯೂರೋ. ಬಾಗಿಲಲ್ಲಿ ಟಿಕೆಟ್ ಕೇಳುವುದು ಬಿಟ್ಟು, ವೇದಿಕೆ ಹತ್ತುವವರ ಹತ್ತಿರ ಕೇಳಿದ ಹಾಗಾಯಿತು.

ಸರಿ, ಎಲ್ಲವೂ ಪುಕ್ಕಟೆ ಸಿಕ್ಕಿತು ಅಂದುಕೊಳ್ಳೋಣ. ಅಷ್ಟು ಸಾಕೇ? ಜನರಿಗೆ ವಿಜ್ಞಾನ ಇನ್ನೂ ಚೆನ್ನಾಗಿ ಅರ್ಥವಾಗಬೇಕು ಎಂದು 1985ರಲ್ಲಿ ರಾಯಲ್ ಸೊಸೈಟಿ ವರದಿ ಬರೆಯಿತು. ಮರುವರ್ಷ ಚೆರ್ನೋಬಿಲ್ ಅಣುಸ್ಥಾವರದ ದುರಂತ. ವಿಕಿರಣ ಸೂಸುವ ಸೀಸಿಯಂ ಎಂಬ ಧಾತು ಮಳೆಯ ಜೊತೆ ಇಂಗ್ಲೆಂಡಿನ ಕಂಬ್ರಿಯಾ ಬೆಟ್ಟಗಳ ಮೇಲೂ ಬಿತ್ತು. ಅಲ್ಲಿನ ಕುರಿ ಮಾರುವಂತಿಲ್ಲ, ಮೂರು ವಾರ ತಡೆಯಿರಿ ಅಂದರು ಅಧಿಕಾರಿಗಳು. ಅವರ ಲೆಕ್ಕ ಸೀಸಿಯಂ ಅನ್ನು ಹಿಡಿದಿಡುವ ಜೇಡಿ ಮಣ್ಣಿನದು. ಬೆಟ್ಟದ ಹುಳಿ ಮಣ್ಣು ಸೀಸಿಯಂ ಅನ್ನು ಕಟ್ಟಿಹಾಕಲಿಲ್ಲ, ಅದು ಮತ್ತೆ ಮತ್ತೆ ಹುಲ್ಲಿಗೆ ಏರಿತು. ಒಂದು ಪ್ರಯೋಗಕ್ಕೆಂದು ಕುರಿಗಳನ್ನು ಬೇಲಿಯೊಳಗೆ ಕೂಡಿದರು. ಬಯಲಲ್ಲಿ ಮೇಯುವ ಕುರಿ ಹೀಗೆ ಕೂಡಿದರೆ ಸೊರಗುತ್ತದೆ ಎಂದು ಕುರಿ ಸಾಕುವವರು ಮೊದಲೇ ಹೇಳಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಪ್ರಯೋಗವನ್ನೇ ಸುಮ್ನೆ ಕೈಬಿಟ್ಟರು. ಸಮಾಜವಿಜ್ಞಾನಿ ಬ್ರಯಾನ್ ವಿನ್ ಇದನ್ನೆಲ್ಲ ಕುರಿ ಸಾಕುವವರ ಜೊತೆ ಕೂತು ಕೇಳಿ ದಾಖಲಿಸಿದರು.

2000ರ ಹೊತ್ತಿಗೆ ಬ್ರಿಟಿಷ್ ಸಂಸತ್ತಿನ ಸಮಿತಿಯೇ ಜನರ ಜೊತೆ ಮಾತುಕತೆ ಬೇಕು ಎಂದು ಬರೆಯಿತು. ಮೂರು ವಾರ ಎಂದಿದ್ದ ಆ ಕುರಿಗಳ ನಿರ್ಬಂಧ ಪೂರ್ತಿ ತೆಗೆದದ್ದು 2012ರಲ್ಲಿ.