ನೈಟ್ರಸ್ ಆಕ್ಸೈಡ್ ಒಡೆಯುವ ವೇಗವರ್ಧಕ: ಉಳಿದ ಆಮ್ಲಜನಕದ ಪಾಡೇನು?

ಕಾರ್ಖಾನೆಯ ಹೊಗೆಯಲ್ಲಿ ಬರುವ ಹಸಿರುಮನೆ ಅನಿಲ ನೈಟ್ರಸ್ ಆಕ್ಸೈಡ್ (N₂O) ಒಡೆದರೆ ಸಾರಜನಕವೂ ಆಮ್ಲಜನಕವೂ ಸಿಗುತ್ತವೆ, ಮೋಲ್‌ಗೆ ಸುಮಾರು 82 ಕಿಲೋಜೌಲ್ ಶಾಖವೂ ಬಿಡುಗಡೆಯಾಗುತ್ತದೆ. ಆದರೂ ಅದು ತಾನಾಗಿ ಒಡೆಯದು. ಬರೀ ಶಾಖದಿಂದ ಒಡೆಯಲು ದಾಟಬೇಕಾದ ತಡೆ ಮೋಲ್‌ಗೆ ಸುಮಾರು 250 ಕಿಲೋಜೌಲ್.

ಈ ತಡೆಯನ್ನು ತಗ್ಗಿಸುವ ವಸ್ತುವೇ ವೇಗವರ್ಧಕ; ಅದರ ಮೇಲೆ ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ. ಅಣು ಸಕ್ರಿಯ ತಾಣದಲ್ಲಿ, ಅಂದರೆ ಮೇಲ್ಮೈಯಲ್ಲಿ ಕ್ರಿಯೆ ನಡೆಯುವ ಜಾಗದಲ್ಲಿ, ಕೂತಾಗ ಸಾರಜನಕ ಹೊರಟುಹೋಗುತ್ತದೆ, ಆಮ್ಲಜನಕದ ಪರಮಾಣು ಅಲ್ಲೇ ಅಂಟಿಕೊಳ್ಳುತ್ತದೆ. ಆಮೇಲೆ ಅಂಥ ಎರಡು ಪರಮಾಣು ಕೂಡಿಯೋ, ಇನ್ನೊಂದು ನೈಟ್ರಸ್ ಆಕ್ಸೈಡ್ ಅಣು ಬಂದು ಅದನ್ನು ಕಿತ್ತುಕೊಂಡೋ ತಾಣ ಖಾಲಿಯಾಗಬೇಕು. ಓದುವಾಗ ಮೊದಲ ಹಂತಕ್ಕೇ ಗಮನ ಹೋಗುತ್ತದೆ; ಅನೇಕ ವೇಗವರ್ಧಕಗಳು ಸೋಲುವುದು ಎರಡನೆಯದರಲ್ಲಿ.

ಇಷ್ಟು ಹಿಡಿದುಕೊಂಡರೆ ಉಳಿದದ್ದಕ್ಕೆ ಕಾರಣ ತಾನೇ ಹೊಳೆಯುತ್ತದೆ. ಕೋಬಾಲ್ಟ್ ಆಕ್ಸೈಡ್ ಸ್ಪಿನೆಲ್‌ಗೆ (ಸ್ಪಿನೆಲ್ ಒಂದು ಬಗೆಯ ಹರಳು ರಚನೆ) ಚೂರು ಪೊಟ್ಯಾಸಿಯಂ ಸೇರಿಸಿದರೆ ಕೋಬಾಲ್ಟ್ ಎಲೆಕ್ಟ್ರಾನನ್ನು ಸುಲಭವಾಗಿ ಕೊಡುತ್ತದೆ, ಅಂಟಿದ ಆಮ್ಲಜನಕದ ಹಿಡಿತವೂ ಸಡಿಲವಾಗುತ್ತದೆ. ಹೆಚ್ಚು ಸುರಿದರೆ ಅದೇ ಪೊಟ್ಯಾಸಿಯಂ ತಾಣಗಳನ್ನು ಮುಚ್ಚುತ್ತದೆ. ತುಂಬಾ ಕಾಯಿಸಿದರೆ ಆವಿಯಾಗಿ ಹೋಗುತ್ತದೆ. ರೋಡಿಯಂ ಕಡಿಮೆ ತಾಪದಲ್ಲೇ ಚುರುಕು, ಆದರೆ ಅನಿಲದಲ್ಲಿರುವ ಆಮ್ಲಜನಕ, ನೀರಾವಿ, ನೈಟ್ರಿಕ್ ಆಕ್ಸೈಡ್ ಮೂರೂ ಅದರ ತಾಣಕ್ಕೆ ಪೈಪೋಟಿ ನಡೆಸುತ್ತವೆ. ಕಬ್ಬಿಣ ಸೇರಿಸಿದ ಜಿಯೋಲೈಟ್‌ನಲ್ಲಿ (ಅತಿ ಸಣ್ಣ ರಂಧ್ರಗಳಿರುವ ಖನಿಜ) ಮಾತ್ರ ಲೆಕ್ಕ ತಿರುಗುಮುರುಗು: ನೈಟ್ರಿಕ್ ಆಕ್ಸೈಡ್ ಅಂಟಿದ ಆಮ್ಲಜನಕವನ್ನು ಎತ್ತಿಕೊಂಡು ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ, ವೇಗ ಏರುತ್ತದೆ.

ನೈಟ್ರಿಕ್ ಆಮ್ಲದ ಕಾರ್ಖಾನೆಯಲ್ಲಿ ಈ ಜಿಯೋಲೈಟ್ ಕೊನೆಯ ಹೊಗೆಯ ದಾರಿಯಲ್ಲಿ, 400-500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕೂರುತ್ತದೆ. ಇನ್ನೊಂದು ಜಾಗ ಅಮೋನಿಯ ಸುಡುವ ಪ್ಲಾಟಿನಂ ಜಾಲರಿಯ ಕೆಳಗೆ, 800 ಡಿಗ್ರಿ ದಾಟಿದ ಬಿಸಿಯಲ್ಲಿ. ಅಲ್ಲಿ ಆಮ್ಲ ತಯಾರಿಸಲು ಬೇಕಾದ ನೈಟ್ರಿಕ್ ಆಕ್ಸೈಡೇ ಒಡೆದರೆ ಸರಕೇ ನಷ್ಟ. ಚುರುಕಿಗಿಂತ ಆಯ್ಕೆಯ ಗುಣ, ಅಂದರೆ ನೈಟ್ರಸ್ ಆಕ್ಸೈಡನ್ನು ಮಾತ್ರ ಒಡೆಯುವ ಗುಣ, ಮುಖ್ಯ.

ಪ್ರಯೋಗಕ್ಕೆ: 6 ಮಿ.ಮೀ. ಒಳವ್ಯಾಸದ ಕೊಳವೆ, 0.2-0.4 ಮಿ.ಮೀ.ಗೆ ಜರಡಿ ಹಿಡಿದ ಕಣ, ಅದರ 0.5 ಮಿ.ಲೀ. ಹಾಸು (ಕೊಳವೆಯಲ್ಲಿ ತುಂಬಿದ ವೇಗವರ್ಧಕದ ಪದರ), ನಿಮಿಷಕ್ಕೆ 100 ಮಿ.ಲೀ. ಅನಿಲ. ಗಂಟೆಗೆ 6000 ಮಿ.ಲೀ.ಯನ್ನು 0.5ರಿಂದ ಭಾಗಿಸಿದರೆ, ಗಂಟೆಗೆ ಹಾಯುವ ಅನಿಲ ಹಾಸಿನ ಗಾತ್ರದ 12,000 ಪಟ್ಟು. ಕೊಳವೆಯ ವ್ಯಾಸ ಕಣದ ಹತ್ತು ಪಟ್ಟಿಗಿಂತ ಕಡಿಮೆಯಿದ್ದರೆ ಅನಿಲ ಗೋಡೆಯ ಪಕ್ಕದಿಂದ ನುಸುಳಿ, ಪರಿವರ್ತನೆ ಸುಳ್ಳೇ ಕಡಿಮೆ ಕಾಣುತ್ತದೆ. 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ನೈಟ್ರಸ್ ಆಕ್ಸೈಡ್ ಪೂರ್ತಿ ಒಡೆದರೂ ತಾಪ ಏರುವುದು ಸುಮಾರು 3 ಡಿಗ್ರಿ, ಹಾಗಾಗಿ ಅದರ ಚಿಂತೆ ಬೇಡ. ಶೇ. 30ರಷ್ಟು ನೈಟ್ರಸ್ ಆಕ್ಸೈಡ್ ಇರುವ ಅಡಿಪಿಕ್ ಆಮ್ಲದ (ನೈಲಾನ್‌ನ ಕಚ್ಚಾವಸ್ತು) ಕಾರ್ಖಾನೆಯ ಹೊಗೆಯಲ್ಲಿ ಏರಿಕೆ ನೂರಾರು ಡಿಗ್ರಿ, ಹಾಸೇ ಸುಟ್ಟು ಹೆಪ್ಪುಗಟ್ಟೀತು.

ಅಳತೆಯಲ್ಲೂ ಒಂದು ಬಲೆಯಿದೆ: ನೈಟ್ರಸ್ ಆಕ್ಸೈಡ್, ಇಂಗಾಲದ ಡೈಆಕ್ಸೈಡ್ ಎರಡರ ಅಣುಭಾರವೂ 44. ಸಾಮಾನ್ಯ ದ್ರವ್ಯರಾಶಿ ರೋಹಿತಮಾಪಕ ಇವನ್ನು ಬೇರ್ಪಡಿಸದು. ಅವಕೆಂಪು ರೋಹಿತಮಾಪಕ ವಾಸಿ. ಒಣ ಹೀಲಿಯಂನಲ್ಲಿ ಬಂದ ಅಂಕಿಯನ್ನೂ ಹಾಗೇ ನಂಬಬೇಡಿ, ನೀರಾವಿ ಬೆರೆಸಿ ಇನ್ನೊಮ್ಮೆ ಓಡಿಸಿ.