ಆಂಚೆಲೊಟ್ಟಿ ಸುಮ್ನೆ ನಿಂತೇ ಗೆಲ್ತಾರಾ?

ಪ್ರಶ್ನೆ: ಕಾರ್ಲೊ ಆಂಚೆಲೊಟ್ಟಿ ನಿಜವಾಗಲೂ ಅಷ್ಟು ದೊಡ್ಡ ಫುಟ್‌ಬಾಲ್ ಕೋಚಾ? ಅವರಿಗೆ ಸಿಕ್ಕಿದ್ದೆಲ್ಲ ಸ್ಟಾರ್ ಆಟಗಾರರೇ. ಅಂಥ ತಂಡ ಕೈಗೆ ಕೊಟ್ಟರೆ ಯಾರು ಬೇಕಾದರೂ ಗೆಲ್ಲಬಹುದಲ್ವಾ?

ಈ ಪ್ರಶ್ನೆಗೆ ಉತ್ತರ ಕೊಟ್ಟೂ ಕೊಟ್ಟೂ ಸಾಕಾಗಿದೆ. ಕೇಳುವವರು ಬದಲಾಗುತ್ತಾರೆ, ಪ್ರಶ್ನೆ ಮಾತ್ರ ಅದೇ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಲೆಕ್ಕ. ಕೋಚ್ ಆಗಿ ಐದು ಚಾಂಪಿಯನ್ಸ್ ಲೀಗ್ (ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಕಪ್): ಮಿಲಾನ್ ಜೊತೆ 2003 ಮತ್ತು 2007, ರಿಯಲ್ ಮ್ಯಾಡ್ರಿಡ್ ಜೊತೆ 2014, 2022 ಮತ್ತು 2024. ಇಷ್ಟು ಗೆದ್ದ ಕೋಚ್ ಬೇರೆ ಯಾರೂ ಇಲ್ಲ. ಇಟಲಿ, ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ, ಸ್ಪೇನ್ ಐದೂ ದೇಶಗಳ ಲೀಗ್ ಗೆದ್ದ ಮೊದಲಿಗರೂ ಅವರೇ. 2025ರಲ್ಲಿ ಬ್ರೆಜಿಲ್ ತನ್ನ ರಾಷ್ಟ್ರೀಯ ತಂಡವನ್ನು ಅವರ ಕೈಗೆ ಕೊಟ್ಟಿತು.

“ಸ್ಟಾರ್‌ಗಳಿದ್ದರಲ್ಲ” ಅನ್ನುತ್ತೀರಿ. ಇದ್ದರು, ಸರಿ. ಅವರು ಬರುವ ಮೊದಲೂ ಇದ್ದರಲ್ಲ? ಮ್ಯಾಡ್ರಿಡ್ ಒಂಬತ್ತನೇ ಕಪ್ ಗೆದ್ದಿದ್ದು 2002ರಲ್ಲಿ. ಹತ್ತನೆಯದಕ್ಕೆ 12 ವರ್ಷ ಕಾಯಬೇಕಾಯಿತು. ಆ ನಡುವೆ ಅಲ್ಲಿ ಬ್ರೆಜಿಲ್‌ನ ರೊನಾಲ್ಡೊ, ಬೆಕ್‌ಹ್ಯಾಮ್, ಕಾಕಾ, ಕ್ರಿಸ್ಟಿಯಾನೊ ಎಲ್ಲ ಆಡಿದರು. ಆದರೂ 2005ರಿಂದ 2010ರವರೆಗೆ ಸತತ ಆರು ವರ್ಷ ತಂಡ ಕೊನೆಯ ಹದಿನಾರರ ಸುತ್ತು ದಾಟಲಿಲ್ಲ. ಹೆಸರುಗಳೇ ಕಪ್ ಗೆಲ್ಲಿಸುವುದಾದರೆ ಹೀಗೆ ಆಗುತ್ತಿತ್ತಾ?

2014ರ ಲಿಸ್ಬನ್ ಫೈನಲ್ ನೋಡಿ. ಎದುರಾಳಿ ಮ್ಯಾಡ್ರಿಡ್ ನಗರದ್ದೇ ಇನ್ನೊಂದು ಕ್ಲಬ್, ಅಟ್ಲೆಟಿಕೊ. ಎಲ್ಲರಿಗೂ ನೆನಪಿರುವುದು 93ನೇ ನಿಮಿಷದಲ್ಲಿ ರಾಮೋಸ್ ತಲೆಯಿಂದ ಹೊಡೆದು ಸಮ ಮಾಡಿದ ಗೋಲು. ನಾನು ಮತ್ತೆ ಮತ್ತೆ ನೋಡುವುದು 59ನೇ ನಿಮಿಷ. ಕ್ಸಾಬಿ ಅಲೊನ್ಸೊಗೆ ಅಂದು ಆಡುವ ಹಾಗಿರಲಿಲ್ಲ, ನಿಷೇಧವಿತ್ತು. ಅವನ ಜಾಗದಲ್ಲಿ ಖೆದಿರಾ ಇಳಿದಿದ್ದ. ಗೊಡಿನ್ ಗೋಲಿನಿಂದ ಅಟ್ಲೆಟಿಕೊ ಮುಂದಿತ್ತು. ಆಗ ಆಂಚೆಲೊಟ್ಟಿ ಖೆದಿರಾ, ಕೊಯೆಂತ್ರಾವ್ ಇಬ್ಬರನ್ನೂ ಒಟ್ಟಿಗೇ ಹೊರಗೆ ಕರೆದು ಇಸ್ಕೊ, ಮಾರ್ಸೆಲೊರನ್ನು ಇಳಿಸಿದರು. ಅಲ್ಲಿಂದ ಆಟ ಪೂರ್ತಿ ಅಟ್ಲೆಟಿಕೊ ಅಂಗಳದಲ್ಲೇ ನಡೆಯಿತು. ಹೆಚ್ಚುವರಿ ಸಮಯದಲ್ಲಿ ಎಡಗಡೆಯಿಂದ ನುಗ್ಗಿ ಬೇಲ್ ಗೋಲಿಗೆ ದಾರಿ ಮಾಡಿದ್ದು ಡಿ ಮರಿಯಾ. ಆ ವರ್ಷ ಅವನನ್ನು ಅಂಚಿನಿಂದ ಮಧ್ಯಮೈದಾನಕ್ಕೆ ತಂದಿದ್ದು ಯಾರು? ಇದೇ ಆಂಚೆಲೊಟ್ಟಿ. ಮೂರನೇ ಗೋಲು ಹೊಡೆದಿದ್ದು ಬದಲಿಯಾಗಿ ಬಂದ ಮಾರ್ಸೆಲೊ. ಕೊನೆಗೆ 4-1.

ಅದು ಅದೃಷ್ಟ ಅನ್ನುವವರಿಗೆ 2022ರ ಸೆಮಿಫೈನಲ್ ಇದೆ. ಎರಡು ಪಂದ್ಯ ಸೇರಿ ಮ್ಯಾಂಚೆಸ್ಟರ್ ಸಿಟಿ 5-3 ಮುಂದಿತ್ತು. 90 ಮತ್ತು 91ನೇ ನಿಮಿಷದಲ್ಲಿ ಎರಡು ಗೋಲು ಹೊಡೆದ ಮ್ಯಾಡ್ರಿಡ್‌ನ ರೊಡ್ರಿಗೊ ಆ ದಿನ ಬೆಂಚಿನಿಂದ ಎದ್ದು ಬಂದವನು. ಅವನಿಗಾಗಿ ಹೊರಗೆ ಬಂದವನು ಕ್ರೂಸ್. ಕ್ರೂಸ್‌ನಂಥವನನ್ನು ಸೆಮಿಫೈನಲ್‌ನಲ್ಲಿ ವಾಪಸ್ ಕರೆಯೋಕೆ ಧೈರ್ಯ ಬೇಕು. ಕರೆಸಿಕೊಂಡವನು ಮುನಿಸಿಕೊಳ್ಳದ ಹಾಗೆ ನೋಡಿಕೊಳ್ಳೋಕೆ ಇನ್ನೂ ಜಾಸ್ತಿ ಬೇಕು. ಟಿವಿಯಲ್ಲಿ ಕಾಣುವುದು ಚ್ಯೂಯಿಂಗ್ ಗಮ್ ಅಗಿಯುತ್ತಾ ಹುಬ್ಬೇರಿಸಿ ನಿಂತ ಮನುಷ್ಯ ಮಾತ್ರ. ಕೂಗಾಡಿದರೆ ಮಾತ್ರ ಕೆಲಸ ಮಾಡಿದ ಹಾಗೆ ಅಂತ ನಾವು ಯಾವಾಗ ತೀರ್ಮಾನಿಸಿದೆವೋ!

ಇನ್ನೊಂದು ವಿಷಯ. ಆಟಗಾರರಿಗೆ ತಕ್ಕಂತೆ ಹೊಂದಿಕೊಳ್ಳುವ ಗುಣ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಶುರುವಿನಲ್ಲಿ ಅವರು ತುಂಬಾ ಹಟಮಾರಿ ಕೋಚ್. ಇಟಲಿಯ ಪಾರ್ಮಾ ಕ್ಲಬ್‌ನಲ್ಲಿ 4-4-2 (ನಾಲ್ವರು ಡಿಫೆಂಡರ್, ನಾಲ್ವರು ಮಧ್ಯಮೈದಾನದವರು, ಇಬ್ಬರು ಸ್ಟ್ರೈಕರ್) ಬಿಟ್ಟರೆ ಬೇರೆ ಮಾತೇ ಇಲ್ಲ. ಅದರಲ್ಲಿ ಜಾಗ ಸಿಗದೆ ಝೋಲಾ 1996ರಲ್ಲಿ ಚೆಲ್ಸಿಗೆ ಹೋದ. ಮರುವರ್ಷ ಇಟಲಿಯ ದೊಡ್ಡ ಸ್ಟಾರ್ ರೊಬೆರ್ಟೊ ಬಾಜ್ಜೊ ಬರುವುದಾಗಿತ್ತು. ಸ್ಟ್ರೈಕರ್ ಹಿಂದೆ ಆಡುವವನಿಗೆ ನನ್ನ ವ್ಯವಸ್ಥೆಯಲ್ಲಿ ಜಾಗ ಇಲ್ಲ ಅಂತ ಆಂಚೆಲೊಟ್ಟಿ ಒಪ್ಪಲಿಲ್ಲ. ಬಾಜ್ಜೊ ಬೊಲೊನ್ಯಾಗೆ ಹೋಗಿ ಆ ಸೀಸನ್‌ನಲ್ಲಿ ಲೀಗ್‌ನಲ್ಲೇ 22 ಗೋಲು ಹೊಡೆದ. ಅದು ತಪ್ಪಾಯಿತು ಅಂತ ಆಂಚೆಲೊಟ್ಟಿ ಆಮೇಲೆ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ.

ಪಾಠ ಅಲ್ಲೇ ಕಲಿತರು. ಯುವೆಂಟಸ್‌ಗೆ ಬಂದಾಗ ಝಿದಾನ್‌ಗೋಸ್ಕರ ತಮ್ಮ 4-4-2 ಬಿಟ್ಟುಕೊಟ್ಟರು. ಮಿಲಾನ್‌ನಲ್ಲಿ ಪಿರ್ಲೊನನ್ನು ಡಿಫೆಂಡರ್‌ಗಳ ಮುಂದೆಯೇ ನಿಲ್ಲಿಸಿ ಅಲ್ಲಿಂದ ಆಟ ಕಟ್ಟಿಸಿದರು. (ಬ್ರೆಷಾ ಕ್ಲಬ್‌ನಲ್ಲಿ ಕೋಚ್ ಮಾಝೋನೆ ಅವನನ್ನು ಮೊದಲೇ ಹಾಗೆ ಆಡಿಸಿದ್ದರು, ಆ ಹೆಸರನ್ನು ಮರೆಯಬಾರದು.) ಅವನ ಪಕ್ಕ ಓಡೋಕೆ ಗಟ್ಟೂಸೊ. ರುಯಿ ಕೋಸ್ಟಾ, ಸೀಡಾರ್ಫ್ ಕೂಡ ಅದೇ ತಂಡದಲ್ಲಿ. ಇಷ್ಟು ಜನ ಕಲೆಗಾರರನ್ನು ಒಟ್ಟಿಗೆ ಆಡಿಸಿದರೆ ಚೆಂಡು ಕಿತ್ತುಕೊಳ್ಳುವವರು ಯಾರು ಅಂತ ಕೇಳುತ್ತಿದ್ದ ಕಾಲ ಅದು. ಆ ತಂಡ 2003ರಲ್ಲಿ ಯುರೋಪ್ ಗೆದ್ದಿತು. ಇರುವ ಆಟಗಾರರನ್ನು ನೋಡಿ ವ್ಯವಸ್ಥೆ ಮಾಡುವುದೇ ಆಂಚೆಲೊಟ್ಟಿ ಕೆಲಸ. ಕೆಲಸ ಚೆನ್ನಾಗಾದಾಗ ಆಟಗಾರರೇ ತಾವಾಗಿ ಆಡಿದ ಹಾಗೆ ಕಾಣುತ್ತದೆ, ಅಷ್ಟೇ.

ಎಲ್ಲ ಕಡೆ ನಡೆಯಿತಾ? ಇಲ್ಲ. ಬಯೆರ್ನ್ 2017ರಲ್ಲಿ, ನಾಪೊಲಿ 2019ರಲ್ಲಿ ಅವರನ್ನು ತೆಗೆದವು. ಅವರ ಕೈಯಲ್ಲಿ ಇಂಗ್ಲೆಂಡ್‌ನ ಎವರ್ಟನ್ ಲೀಗ್‌ನಲ್ಲಿ ಹತ್ತನೇ ಸ್ಥಾನದಲ್ಲಿ ನಿಂತಿತು.

ಯಾರೂ ಕೇಳದ ಒಂದು ಪ್ರಶ್ನೆ ಇದೆ, ನನಗೆ ಅದೇ ಇಷ್ಟ: ಇವರು ಆಟಗಾರರಾಗಿ ಹೇಗಿದ್ದರು? ಹೊಸ ಹುಡುಗರಿಗೆ ಗೊತ್ತೇ ಇರುವುದಿಲ್ಲ. ರೆಜ್ಜೊಲೊ ಎಂಬ ಊರಿನ ರೈತರ ಮಗ, ಹುಟ್ಟಿದ್ದು 1959ರಲ್ಲಿ. ಪಾರ್ಮಾದಿಂದ ರೋಮಾಗೆ ಹೋಗಿ 1983ರಲ್ಲಿ ಲೀಗ್ ಗೆದ್ದರು. ಮೊಣಕಾಲಿನ ಗಾಯದಿಂದ 1984ರ ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಫೈನಲ್ ತಪ್ಪಿತು. ಆಮೇಲೆ ಕೋಚ್ ಅರಿಗೊ ಸಾಕ್ಕಿಯ ಮಿಲಾನ್. 1989ರ ಸೆಮಿಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡನ್ನು 5-0ಯಿಂದ ಸೋಲಿಸಿದಾಗ ದೂರದಿಂದ ಮೊದಲ ಗೋಲು ಹೊಡೆದದ್ದು ಇದೇ ಆಂಚೆಲೊಟ್ಟಿ. 1989, 1990 ಎರಡೂ ವರ್ಷ ಯುರೋಪಿಯನ್ ಕಪ್ ಎತ್ತಿದರು.

ಸಾಕ್ಕಿ ಸ್ವತಃ ವೃತ್ತಿಪರ ಫುಟ್‌ಬಾಲ್ ಆಡಿದವರಲ್ಲ, ಚಪ್ಪಲಿ-ಬೂಟು ಮಾರುತ್ತಿದ್ದವರು. 1992ರಲ್ಲಿ ಆಟ ಬಿಟ್ಟ ಆಂಚೆಲೊಟ್ಟಿ ಹೋಗಿ ಕೂತದ್ದು ಇಟಲಿ ತಂಡದಲ್ಲಿ ಅದೇ ಸಾಕ್ಕಿಯ ಸಹಾಯಕರಾಗಿ. 1994ರ ವಿಶ್ವಕಪ್ ಫೈನಲ್‌ನಲ್ಲಿ ಬ್ರೆಜಿಲ್ ಎದುರು ಪೆನಾಲ್ಟಿಯಲ್ಲಿ ಸೋತ ಬೆಂಚಿನಲ್ಲಿ ಅವರೂ ಇದ್ದರು. ಇಟಲಿಯಲ್ಲಿ ಎಷ್ಟೇ ದೊಡ್ಡ ಆಟಗಾರನಾದರೂ ದೊಡ್ಡ ಲೀಗ್‌ನಲ್ಲಿ ಕೋಚ್ ಆಗೋಕೆ ಫ್ಲಾರೆನ್ಸ್‌ನ ಕೊವರ್ಚಾನೊದಲ್ಲಿರುವ ಕೋಚ್‌ಗಳ ಶಾಲೆಯಲ್ಲಿ ಕೂತು ಓದಬೇಕು, ಪ್ರಬಂಧ ಬರೆಯಬೇಕು. ಎರಡು ಯುರೋಪಿಯನ್ ಕಪ್ ಗೆದ್ದ ಆಂಚೆಲೊಟ್ಟಿಯೂ ಬರೆದರು. ಫುಟ್‌ಬಾಲ್‌ನ ಭವಿಷ್ಯ ಇರುವುದು ಇನ್ನೂ ಚುರುಕಾದ ಆಟದಲ್ಲಿ ಎಂಬುದು ಅವರ ವಿಷಯವಾಗಿತ್ತು.